ಚಿನ್ನದ ಚೆಂಡು

ಬೇರಿನ ತುಂಡು ಕೈಗಿಡುವ ಮೊದಲೇ
ನನ್ನ ಬಾಯಿಗೆ ಮಣ್ಣುಗೈ ಅಡ್ಡ ಹಿಡಿದಳು ಇಂಪಿ:
'ಥ್ಯಾಂಕ್ಸ್ ಅಂದೀಯ, ಜೋಕೆ!
ಅಂದರೆ ಬೇರು ಹಿಡಿಯುವುದಿಲ್ಲ.'

ಮದುವೆಯಾಗಿ ಆ ಊರಿಗೆ ಬಂದು ಹನ್ನೊಂದು ದಿನ.
ಒದ್ದೆ ಪತ್ರಿಕೆಯಲ್ಲಿ ಸುತ್ತಿದ ಬೇರು
ಸೈಕಲ್ಲಿನ ಬುಟ್ಟಿಯಲ್ಲಿ, ಮೀನಿನ ಪಕ್ಕ.
ಎಲ್ಲಿ ನೆಡಲಿ ಎಂದರೆ
ಹಿತ್ತಲ ಕಡೆ ಗಲ್ಲ ತೋರಿದಳು:
'ಕಕ್ಕಸಿನ ಸುತ್ತ. ಮತ್ತೆಲ್ಲಿ?
ಆಳೆತ್ತರ ಬೆಳೆದು ಮರೆಯಾಗುತ್ತದೆ.
ಬಂದ ನೆಂಟರು ದಾರಿ ಕೇಳಬೇಕಿಲ್ಲ,
ಹಳದಿ ಕಂಡತ್ತ ನಡೆದರಾಯಿತು.'

ಮೊದಲ ವರ್ಷ ಎಲೆ. ಎರಡನೆಯದೂ ಎಲೆಯೇ.
ಒಲೆಯ ಬೂದಿ ಸುರಿದೆ, ಕೊಳೆತ ಬರ್ಚ್ ಎಲೆ ಹೊದಿಸಿದೆ.
ಮನಸ್ಸಿನೊಳಗೆಲ್ಲೋ ಅಂದುಬಿಟ್ಟೆನೇನೋ ಎಂದು
ರಾತ್ರಿ ಮಗ್ಗುಲು ಬದಲಿಸಿದೆ.
ಮೂರನೆಯ ಆಗಸ್ಟಿಗೆ ಏಣಿಯಿಲ್ಲದೆ ಏರಿದವು
ತೌನೋನ ಟೋಪಿ ದಾಟಿ, ಸೂರು ದಾಟಿ,
ಕಡ್ಡಿಗೆ ಹತ್ತಾರು ಚಿನ್ನದ ಚೆಂಡು.

ಪುರುವೇಸಿ ಸರೋವರದ ಗಾಳಿಗೆ ನಿಲ್ಲುವ ಜಾತಿಯಲ್ಲ.
ಮಳೆ ಕುಡಿದರೆ ತಲೆಭಾರಕ್ಕೆ ಮಲಗಿಬಿಡುತ್ತದೆ,
ಶನಿವಾರ ರಾತ್ರಿ ತೌನೋ ಮಲಗಿದಂತೆ, ಬಿದ್ದಲ್ಲೇ.
ಹರಿದ ಕಾಲುಚೀಲ, ಹಳೆ ಬಲೆಯ ಹಗ್ಗ, ಎರಡು ಗೂಟ.
ಬಿಗಿದು ಕಟ್ಟಬಾರದು, ಉಸಿರಾಡಲು ಬಿಡಬೇಕು.
ಕಲಿಸಿದ್ದು ಇಂಪಿಯೇ. ಅದಕ್ಕೂ
ನಾನು ಏನೂ ಹೇಳಲಿಲ್ಲ.

ನಲವತ್ತು ವರ್ಷ ಹೀಗೇ, ಹೇಳದೆ.
ಅವಳ ಅಂಗಳದ ಹಿಮ ಸರಿಸಿದೆ,
ಏಲಕ್ಕಿ ಬನ್ನು ಒಯ್ದುಕೊಟ್ಟೆ,
ಬೇರಿಗೆ ಬದಲಲ್ಲ, ಸುಮ್ಮನೆ ಹೆಚ್ಚಾಗಿತ್ತು ಎನ್ನುತ್ತಾ.
ಅವಳೂ ಏನೂ ಗೊತ್ತಿಲ್ಲದವಳಂತೆ ತಿಂದಳು.
ಹೋದದ್ದು ಮಾರ್ಚಿನಲ್ಲಿ. ನೆಲ ಕಲ್ಲಾಗಿತ್ತು.
ಒಯ್ಯಲು ಒಂದು ಹೂವಿರಲಿಲ್ಲ.

ಕಕ್ಕಸು ಈಗಿಲ್ಲ. ಮನೆಯೊಳಗೇ ನಲ್ಲಿ, ಬಿಳಿ ಪಿಂಗಾಣಿ.
ಹಲಗೆಗಳು ಸೌನಾದ ಒಲೆಗೆ ಹೋದವು.
ಆದರೂ ಆಗಸ್ಟಿಗೆ ಮೂರು ಕಡೆ ಎದ್ದು ನಿಲ್ಲುತ್ತವೆ,
ಬಾಗಿಲಿದ್ದ ಕಡೆಯಷ್ಟೇ ಬಿಟ್ಟು,
ಯಾರ ಮಾನವನ್ನೋ ಕಾಯುತ್ತ.
ಒಳಗೆ ಹುಲ್ಲು,
ಒಂದು ಕಪ್ಪೆ.

ನಿನ್ನೆ, ಕೆಳಗಿನ ಮನೆಗೆ ಬಂದ ಹುಡುಗಿ, ಪಿಹ್ಲಾ,
ಬೇಲಿಯಾಚೆ ನಿಂತು ಕೇಳಿದಳು: ಇದರದೊಂದು ತುಂಡು?
ಗುದ್ದಲಿ ಹಾಕಿದೆ. ಬಿಡಲಿಲ್ಲ. ಮತ್ತೆ ಹಾಕಿದೆ.
ಅವಳ ತುಟಿ ಬಿಚ್ಚುವುದು ಕಂಡು
ನನ್ನ ಮಣ್ಣುಗೈ ತಾನೇ ಮೇಲೆದ್ದಿತು.

ಬಾಯೊಳಗೆ ಒಂದಿಷ್ಟು ಹೋಗಿರಬೇಕು.
ನನಗೂ ಹೋಗಿತ್ತು.
ಉಗುಳಿದ ನೆನಪಿಲ್ಲ.