ತುಪ್ಪದ ಲೆಕ್ಕ

ಮನ್ಸೂರಾದ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ
ನನ್ನ ಕೆಲಸ ಬಣ್ಣ ಹಾಕುವುದು.
ಈರುಳ್ಳಿ ಸಿಪ್ಪೆಗಿಂತ ತೆಳುವಾದ ಯಕೃತ್ತಿನ ಚೂರು
ಗಾಜಿನ ಮೇಲೆ ಹಾಸಿ ಕೆಂಪು ಹನಿಸಿದರೆ
ಜಿಡ್ಡು ತಾನಾಗಿಯೇ ಬಾಯಿ ಬಿಡುತ್ತದೆ:
ಸಣ್ಣ ಸಣ್ಣ ದಾಳಿಂಬೆ ಕಾಳು.

ಆ ಕಾಳುಗಳ ಸುತ್ತ ನೀನು ಕೂತಿರುತ್ತೀಯ.
ನನ್ನ ಮಸೂರಕ್ಕೆ ಸಿಗುವಷ್ಟು ದೊಡ್ಡವನಲ್ಲ,
ನೆಟ್ಟಗೆ ಒಂದು ಹೆಸರೂ ಇಲ್ಲ, ಬರೀ ಅಕ್ಷರ, ಸಿ.
ಬರಿಗೈಯಲ್ಲಿ ಬಂದವನು.
ಒಲೆ ಇಲ್ಲ, ಪಾತ್ರೆ ಇಲ್ಲ,
ತೊಟ್ಟು ಕೊಬ್ಬು ಕಾಯಿಸಲೂ ಬಾರದು,
ಜೇಬಿನಲ್ಲಿ ಒಂದೆಳೆಯ ಚೀಟಿ:
‘ನನ್ನಂಥವರನ್ನು ಇನ್ನಷ್ಟು ಮಾಡಿ.’

ನಮ್ಮ ಕಡೆ ಬಾಗಿಲಿಗೆ ಬಂದವನನ್ನು
ಯಾರೆಂದು ಕೇಳುವ ಮೊದಲು ಚಹಾಕ್ಕೆಷ್ಟು ಸಕ್ಕರೆ ಎನ್ನುತ್ತೇವೆ.
ಜೀವಕೋಶವೂ ಈ ನೈಲ್ ಬಯಲಿನದೇ ಇರಬೇಕು.
ನೀನು ಹೊಕ್ಕ ಕೋಶಕ್ಕೆ ನಮ್ಮ ಪಠ್ಯದಲ್ಲಿ ‘ಆಇಲ್’ ಎಂದು ಹೆಸರು,
ಮನೆ ಸಾಕುವವನು,
ದುಡಿದು ತಂದು ಹಾಕುವವನು ಅಂತ ಅರ್ಥ.
ಅಪ್ಪನ ಕಾಗದಪತ್ರದಲ್ಲೂ ಅದೇ ಪದ.

ಅಪ್ಪ ಮಿತ್ವಲ್ಲಿ, ಆಗ ಹತ್ತು ವರ್ಷದ ಹುಡುಗ,
ಕಾಲುವೆಯಲ್ಲಿ ಈಜಿ, ಮೂತ್ರದಲ್ಲಿ ರಕ್ತ ಕಂಡು
ಶಾಲೆಯ ಅಂಗಳದಲ್ಲಿ ಸಾಲು ನಿಂತ.
ಬೋಗುಣಿಯಲ್ಲಿ ಬಿಸಿನೀರು, ಗಾಜಿನ ಸಿರಿಂಜು.
ಒಂದು ಸೂಜಿಗೆ ಎಷ್ಟು ತೋಳು, ಯಾರೂ ಎಣಿಸಲಿಲ್ಲ.
ಹುಳು ಸತ್ತಿತು. ನೀನು ಬಂದೆ.
ಯಾರನ್ನು ದೂರಲಿ?
ನರ್ಸು ಬಾಯಿ ತುಂಬ ಹರಸಿಯೇ ಚುಚ್ಚಿದ್ದಳಂತೆ.

ಬಾಗಿಲು ಒಡೆಯಲಿಲ್ಲ ನೀನು.
ರಕ್ತದಲ್ಲಿ ಕೊಬ್ಬು ಹೊರುವ ಹಮಾಲಿಯ ಅಂಗಿ ತೊಟ್ಟು
ಕೊಬ್ಬು ಇಳಿಸುವ ಕಟ್ಟೆಯಲ್ಲೇ ಇಳಿದೆ,
ಬೆಣ್ಣೆಯೊಳಗಿಂದ ಕೂದಲೆಳೆದ ಹಾಗೆ, ಆದರೆ ಒಳಮುಖವಾಗಿ.
ಒಳಗಿನ ಪೊರೆಗಳ ಮಡಿಸಿ ಮಡಿಸಿ ಕೋಣೆ ಮಾಡಿಕೊಂಡೆ,
ತುಪ್ಪದ ಭರಣಿಗೆ ಒರಗಿ ಹೆತ್ತೆ,
ಹೊರಡುವ ಕೂಸಿಗೆಲ್ಲ
ಮನೆಯದೇ ಜಿಡ್ಡಿನ ಶಾಲು ಹೊದಿಸಿ ಕಳಿಸಿದೆ.
ಉಂಡ ಮನೆಯ ಗಳ ಹಿರಿಯುವುದೆಂದರೆ ಇದೇ.
(ಕೈರೋದಿಂದ ಬಂದ ಇಲೆಕ್ಟ್ರಾನ್ ಚಿತ್ರದಲ್ಲಿ ಆ ಮಡಿಕೆ ನೋಡಿದೆ.
ಹೇಳಬಾರದು, ಕೈಕೆಲಸ ಚೊಕ್ಕವಾಗಿತ್ತು.)

ಐವತ್ತು ವರ್ಷ ಅಪ್ಪ ಎಮ್ಮೆ ತುಪ್ಪ ಬಿಡಲಿಲ್ಲ.
ಮುಲೂಖಿಯ್ಯಾ ಸಾರಿಗೆ ಬೆಳ್ಳುಳ್ಳಿ ಸಿಡಿಸಿ ಸುರಿದ,
ಫತ್ತೀರಿನ ಪದರ ಪದರಕ್ಕೂ ಬಳಿದ,
ರಕ್ತಪರೀಕ್ಷೆಯ ಚೀಟಿ ಹಿಡಿದು ಕಾಫಿ ಅಂಗಡಿಯಲ್ಲಿ ಮೆರೆದ:
‘ನೋಡ್ರೋ ನನ್ನ ಕೊಲೆಸ್ಟರಾಲು, ಮದುವಣಗಿತ್ತಿಯ ಸೊಂಟ!’
‘ನಿನ್ನ ಕೊಬ್ಬೆಲ್ಲ ಮಾತಿನಲ್ಲೇ ಹೋಗುತ್ತೆ’
ಅನ್ನುತ್ತಿದ್ದಳು ಅಮ್ಮ ಇಂಶಿರಾಹ್.

ನಮಗೇನು ಗೊತ್ತು,
ಆ ತುಪ್ಪದ ಅರ್ಧ ತಟ್ಟೆ ನಿನ್ನದು.

ಚಿಕ್ಕಪ್ಪ ದಸೂಕಿಯ ಹೊಟ್ಟೆಯಲ್ಲಿ ನೀರು ನಿಂತು,
ಒಂದು ಮುಂಜಾನೆ ಬಾಯಿಂದ ರಕ್ತ.
ಮಾತ್ರೆ ಬಂದದ್ದು ಅದಾದ ಎರಡನೇ ಚಳಿಗಾಲಕ್ಕೆ.
ಅವನ ಚೂರಿಗೂ ನಾನೇ ಬಣ್ಣ ಹಾಕಿದ್ದೆ.

ಅಪ್ಪನಿಗೆ ಹನ್ನೆರಡು ವಾರ.
ವರದಿಯಲ್ಲಿ ‘ಪತ್ತೆಯಾಗಲಿಲ್ಲ’ ಎಂದಿತ್ತು,
ಅಮ್ಮ ಕೌಂಟರಿನ ಮುಂದೆಯೇ ನಾಲಿಗೆ ಹೊರಳಿಸಿ ಉಲಿದಳು,
ಕಾದು ಕೂತ ಹೆಂಗಸರೆಲ್ಲ ದನಿ ಸೇರಿಸಿದರು.

ಮೂರು ತಿಂಗಳಿಗೆ ಕೊಲೆಸ್ಟರಾಲು ಏರಿತು.
ಸಾಲಗಾರ ಊರು ಬಿಟ್ಟ ಮೇಲೆ
ಮನೆಯ ಜಮೆ ತಾನೇ ಬೆಳೆಯಿತು.
ಡಾಕ್ಟರು ತುಪ್ಪಕ್ಕೆ ಅಡ್ಡಗೆರೆ ಎಳೆದರು.
ಈಗ ಅವರೆಬೀಜದ ಮೇಲೆ ಅಗಸೆ ಎಣ್ಣೆ.
ರೊಟ್ಟಿ ಮುರಿಯುತ್ತ ಅಪ್ಪ ಯಾರಿಗೋ ಅಂದ:
‘ಅವನಿದ್ದಾಗ ತಿನ್ನಬಹುದಿತ್ತು, ಅಲ್ವಾ?’

ಭರಣಿ ಮೇಲಿನ ಹಲಗೆ ಏರಿದೆ.
ರಾತ್ರಿ ಸ್ಟೂಲು ಎಳೆದ ಸದ್ದು, ಮುಚ್ಚಳದ ಸದ್ದು.
ಬೆಳಿಗ್ಗೆ ವರದಿಯ ಮೂಲೆಯಲ್ಲಿ ಒಂದು ಹೆಬ್ಬೆರಳ ಗುರುತು,
ಕಾಗದ ಅಲ್ಲಿ ಗಾಜಾಗಿದೆ.
ಬಣ್ಣ ಬೇಕಾಗಲಿಲ್ಲ.
ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ,
ಮಡಿಸಿ ಅವನ ಜೇಬಿನಲ್ಲೇ ಇಟ್ಟೆ.