ಏಳನೆಯ ಚೌಕ

ಕಬ್ಬಿಣದ ಗೂಟ ಸಿಕ್ಕಿದ್ದು ಮೂರನೆಯ ದಿನ.
ಅಲ್ಲಿಯವರೆಗೆ, ರೆಡ್ ಲಾಡ್ಜ್ ಊರು ಇನ್ನೂ ಮಲಗಿರುವಾಗಲೇ
ಲೆಂಪಿಯ ಹಳೇ ಟ್ರಕ್ಕು ಹತ್ತಿ,
ತಿರುವಿಗೊಮ್ಮೆ ಥರ್ಮಾಸಿನಿಂದ ತೊಡೆಗೆ ಗುದ್ದಿಸಿಕೊಂಡು,
ಮರಗಳು ಗಿಡ್ಡವಾಗುತ್ತ ಗಿಡ್ಡವಾಗುತ್ತ
ನಮ್ಮ ಸೊಂಟಕ್ಕಿಳಿಯುವ ಎತ್ತರಕ್ಕೆ ಬಂದು
ಮೊಣಕಾಲೂರಿ ನೆಲ ತಡವುವುದೇ ಕೆಲಸ.

ಐವತ್ತು ವರ್ಷದ ಹಿಂದೆ ಯಾರೋ ನೆಟ್ಟದ್ದು.
ತುದಿಯ ಕೆಂಪು ಬಣ್ಣ ಹೋಗಿ, ಕಲ್ಲುಹೂವು ಹತ್ತಿ,
ತಾನೂ ಒಂದು ಜಾತಿಯ ಗಿಡವೆಂಬಂತೆ ಕೂತಿತ್ತು.
'ಇದನ್ನೂ ಪಟ್ಟಿಗೆ ಸೇರಿಸು' ಅಂದಳು ಲೆಂಪಿ.
ಬರೆದೇಬಿಟ್ಟೆ. ಆಮೇಲೆ ಅಳಿಸಿದೆ.
ತಮಾಷೆ ಮಾಡುವಾಗ ಅವಳ ಮುಖದಲ್ಲಿ
ಏನೂ ಅಲುಗುವುದಿಲ್ಲ.

ಗೂಟದಿಂದ ಹಗ್ಗ, ಹಗ್ಗದುದ್ದಕ್ಕೂ ಹತ್ತು ಚೌಕ.
ಅವಳು ಬೋರಲು ಬಿದ್ದು ಕೂಗುತ್ತಾಳೆ, ನಾನು ತುಂಬುತ್ತೇನೆ:
ಜೇಕಿನ ಹುಲ್ಲು, ಆರು. ಪಾಚಿ, ಹನ್ನೊಂದು.
ಬರೀ ಕಲ್ಲು, ಒಂಬತ್ತು.
ಗೌಜಲಪೊರಕೆ, ನಲವತ್ತು.
ಈ ಕೊನೆಯದರ ಹೆಸರು ನಾನಿಟ್ಟದ್ದು, ನನ್ನೊಳಗೆ ಮಾತ್ರ.
ಕನ್ನಡದಲ್ಲಿ ಅದನ್ನು ಕರೆಯುವ ಪ್ರಸಂಗ
ಯಾರಿಗೂ ಬಂದಿರಲಾರದು.
ಕಡ್ಡಿ ಕಡ್ಡಿ ಹಸಿರು, ಸಾಸಿವೆಗಿಂತ ಚೂರು ದಪ್ಪ ಹಣ್ಣು,
ಕಾಲಿಟ್ಟರೆ ಬುಡದಿಂದ ಭರ್ರನೆ ಏಳುವ ಹಕ್ಕಿ.

ಬಿಳಿತೊಗಟೆಯ ಪೈನ್: ಹಳೆಯ ಹಾಳೆಯಲ್ಲಿ ಹತ್ತೊಂಬತ್ತು.
ಈಗ ನಾಲ್ಕು. ಉಳಿದವು ನಿಂತೇ ಇವೆ,
ತೊಗಟೆಯ ಒಳಗೆ ಹುಳು ಕೊರೆದ ಓಣಿಗಳನ್ನು ಹೊತ್ತು,
ಬೆಳ್ಳಿಯ ಪಾತ್ರೆ ಬೆಳಗಿದ ಹಾಗೆ ಹೊಳೆಯುತ್ತ.
ಒಂದು ಬಂಡೆಯ ಮಗ್ಗುಲಲ್ಲಿ ಮಾತ್ರ
ಐದು ಸಸಿ, ಒಂದೇ ತೂತಿನಿಂದ, ಮುಷ್ಟಿ ಬಿಚ್ಚಿದಂತೆ.
ಯಾವುದೋ ಹಕ್ಕಿ ಹೂತಿಟ್ಟು ಬರಲಿಲ್ಲ.
ಸತ್ತಿತೋ, ಮರೆಯಿತೋ, ಹೊಟ್ಟೆ ತುಂಬಿತ್ತೋ.

ಹಳೆಯ ಹಾಳೆಯ ಅಂಚಿನಲ್ಲಿ ಹೀಗೂ ಇದೆ:
'ಮಧ್ಯಾಹ್ನ ಆಲಿಕಲ್ಲು. ಪೆನ್ಸಿಲ್ ಕಳೆಯಿತು.'
ಅದನ್ನೂ ಹುಡುಕಿದೆ. ಸುಮ್ಮನೆ.

ಏಳನೆಯ ಚೌಕದಲ್ಲಿ ಆಗ ಒಂದು ಫರ್ ಇತ್ತು,
ಮೊಣಕಾಲೆತ್ತರ, ಜೀವಂತ.
ಈಗ ಪಡುವಣ ಮೈಯೆಲ್ಲ ಹಿಮದ ಹರಳು ಉಜ್ಜಿ ಸುಲಿದು
ಬೂದು ಬಣ್ಣದ ಮೂಳೆ.
ಬಗ್ಗಿದವನಿಗೆ ಒಂದು ಗುದ್ದು ಜಾಸ್ತಿ
ಅನ್ನುತ್ತಿದ್ದಳು ನಮ್ಮ ಚಿಕ್ಕಮ್ಮ.
ಅವಳನ್ನು ಇಲ್ಲಿಗೆ ಕರೆತರಬೇಕಿತ್ತು.
ಇಲ್ಲಿ ಗುದ್ದೆಲ್ಲ ಎದ್ದು ನಿಂತದ್ದಕ್ಕೆ.
ಹಿಮದಡಿ ಮುದುಡಿ ಮಲಗಿದ್ದು ಹಸಿರು,
ಮೇಲೆ ತಲೆ ಹಾಕಿದ್ದು ಬೋಳು.

'ಏಳು: ಫರ್, ಸತ್ತದ್ದು, ಒಂದು' ಎಂದು ಬರೆದೆ.
'ಎಂಟು: ಫರ್, ಹೊಸದು, ಒಂದು.'
ಹಳೆಯ ಹಾಳೆಯಲ್ಲಿ ಎಂಟರಲ್ಲಿ ಫರ್ ಇರಲಿಲ್ಲ.
ಲೆಂಪಿ ಮಾತಾಡದೆ ನನ್ನ ಕೈ ಹಿಡಿದು
ಪಾಚಿಯ ಕೆಳಗೆ ತೂರಿಸಿದಳು.

ತಣ್ಣಗೆ. ಒದ್ದೆ. ಮಣಿಕಟ್ಟಿನಷ್ಟು ದಪ್ಪ.
ಏಳರಿಂದ ಎಂಟಕ್ಕೆ ಒಂದು ತೋಳು,
ಮೊಣಕೈಯೂರಿ ತೆವಳಿದ ಹಾಗೆ,
ಊರಿದಲ್ಲೆಲ್ಲ ಬೇರು ಬಿಟ್ಟುಕೊಂಡು.
ಹಿಂದಿನದು ಒಣಗುತ್ತ, ಮುಂದಿನದು ಚಿಗುರುತ್ತ,
ಗಾಳಿ ಬೀಸಿದತ್ತಲೇ, ಐವತ್ತು ವರ್ಷಕ್ಕೆ ಒಂದು ಗಜ.

'ಹಾಗಾದರೆ ಏನು ಬರೆಯಲಿ?'
'ನೀನು ಬರೆದದ್ದೇ. ಸತ್ತದ್ದು ಒಂದು, ಹೊಸದು ಒಂದು.
ಅಲ್ಲಿ ಬೇರೆ ಕಲಂ ಇಲ್ಲ.'
ಮೈಕೈ ಕೊಡವಿಕೊಂಡು ಎದ್ದಳು. ಒಂಬತ್ತಕ್ಕೆ ಹೋದಳು.

ಎರಡು ಸಾಲುಗಳ ನಡುವೆ
ಪೆನ್ಸಿಲಿನಲ್ಲಿ ಒಂದು ಗೀಟೆಳೆದೆ,
ಸೊಟ್ಟಗೆ, ಬೆರಳು ಮರಗಟ್ಟಿದ್ದವು.

ಸಂಜೆ ಕಚೇರಿಯಲ್ಲಿ ಕಂಪ್ಯೂಟರಿಗೆ ಏರಿಸುವ ಹುಡುಗ,
ಕೋಲ್ಟನ್, ಹಾಳೆ ತಿರುಗಿಸಿ ಕೇಳಿದ:
'ಇದು ಏನು, ತಪ್ಪಾಗಿ ಹೊಡೆದದ್ದೇ?'
'ಗಾಳಿ' ಅಂದೆ.
ಅವನು ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದ, ಪ್ರಾಮಾಣಿಕವಾಗಿ.
'ಗಾಳಿಗೆ ಕೋಡ್ ಇಲ್ಲ.'
'ಗೊತ್ತು.'

ಹೊರಗೆ ಲೆಂಪಿ ಹಾರ್ನ್ ಒತ್ತುತ್ತಿದ್ದಳು.
ಪೈ ಅಂಗಡಿ ಎಂಟಕ್ಕೆ ಮುಚ್ಚುತ್ತದೆ.
ನನ್ನ ಉಗುರಲ್ಲಿ ಇನ್ನೂ ಪಾಚಿ ಇತ್ತು.