‘ಅಲ್ಲ’ ಅನ್ನುವಾಗ ಜೋಪಾನ

ಮಾರ್ಚಿ ತಿಂಗಳ ರಾತ್ರಿ, ಎರಡು ಗಂಟೆ ಹತ್ತು ನಿಮಿಷ.
ವೇಲ್ಸಿನ ಪಡುವಣ ಕರಾವಳಿ, ಆಸ್ಪತ್ರೆಯ ನೆಲಮಾಳಿಗೆ, ನನ್ನ ಗ್ರಂಥಾಲಯ.
ಡಾಕ್ಟರ್ ಗೆಥಿನ್ ಇಳಿದು ಬಂದ, ಕೈಯಲ್ಲಿ ಆರಿದ ಚಹಾ,
ಶೂಗಳಿಗೆ ತೊಡಿಸಿದ ನೀಲಿ ಚೀಲ ಇನ್ನೂ ಹಾಗೇ.
“ಎಲುನೆದ್, ಮೊದಲು ಹನ್ನೊಂದು ಸಾವಿರ ಬಂದವು.
ಸೋಸಿದೆ. ಈಗ ಸೊನ್ನೆ.”

ಸೊನ್ನೆಯನ್ನು ನಾನು ಮೂವತ್ತೊಂದು ವರ್ಷದಿಂದ ಬಲ್ಲೆ.
ಲೋಕದಲ್ಲಿ ಇಲ್ಲವೇ ಇಲ್ಲ ಎಂದು ಅದರ ಅರ್ಥವಲ್ಲ;
ನೀನು ಕೇಳಿದ ರೀತಿಗೆ ಯಾರೂ ಓಗೊಡಲಿಲ್ಲ, ಅಷ್ಟೆ.

ಕುರ್ಚಿ ಎಳೆದುಕೊಂಡು ಅವನ ಸಾಲು ಓದಿದೆ.
ಗರ್ಭಿಣಿ, ಜ್ವರ, ಇಳಿಯುತ್ತಿರುವ ಪ್ಲೇಟ್‌ಲೆಟ್, ಸೋಲುತ್ತಿರುವ ಮೂತ್ರಪಿಂಡ:
ಎಲ್ಲವನ್ನೂ ‘ಮತ್ತು’ ಎಂಬ ಒಂದೇ ಹಗ್ಗದಲ್ಲಿ
ಉಸಿರುಕಟ್ಟುವಂತೆ ಬಿಗಿದಿದ್ದಾನೆ.

ಬಿಚ್ಚು, ಅಂದೆ. ಒಬ್ಬಳೇ ಹೆಂಗಸಿಗೆ
ಒಬ್ಬ ಗರ್ಭಿಣಿ ಅಂತ ಬರೆದಿರುತ್ತಾನೆ, ಇನ್ನೊಬ್ಬ ಗರ್ಭಾವಸ್ಥೆ ಅಂತ,
ಮೂರನೆಯವನು ಬರೀ ತಾಯಿ ಅಂತ.
ಅವರನ್ನೆಲ್ಲ ‘ಅಥವಾ’ ಹಾಕಿ ಒಂದೇ ಪಂಕ್ತಿಯಲ್ಲಿ ಕೂರಿಸು,
ಸುತ್ತ ಆವರಣದ ಗೋಡೆ ಎಬ್ಬಿಸು, ಆಮೇಲೆ ‘ಮತ್ತು’ವನ್ನು ಕರೆ.
ಶಬ್ದದ ಬಾಲ ಕತ್ತರಿಸಿ ಒಂದು ನಕ್ಷತ್ರ ಅಂಟಿಸು,
ಇದ್ದಬದ್ದ ಬಾಲಗಳೆಲ್ಲ ತಾವಾಗಿ ಮೊಳೆಯುತ್ತವೆ.
(ತೀರ ಗಿಡ್ಡ ಕತ್ತರಿಸಿದೆಯೋ,
ನೆಂಟರಲ್ಲದವರೂ ಊಟಕ್ಕೆ ಬಂದು ಕೂರುತ್ತಾರೆ.)

ಕೊನೆಗೆ ಕಂಡಿತು: ‘ಅಲ್ಲ, ಪ್ರಾಣಿಗಳು’.
ಇದು ಯಾಕೆ?
“ಇಲಿಗಳ ಕಾಟ ತಪ್ಪಲಿ ಅಂತ.”

ಅಯ್ಯೋ ಮಾರಾಯ.
ಈ ಪಟ್ಟಿ ಕಟ್ಟಿದವರು ಶಬ್ದಗಳನ್ನು ಮರದ ಹಾಗೆ ಜೋಡಿಸಿದ್ದಾರೆ.
ಪ್ರಾಣಿ ಎಂಬ ಹೆಗ್ಗೊಂಬೆ, ಅದರಿಂದ ಕವಲು, ಕವಲಿನಿಂದ ಟಿಸಿಲು,
ಆ ಟಿಸಿಲಿನ ತುದಿಯಲ್ಲಿ
ಮನುಷ್ಯ.
ಕೂತ ಕೊಂಬೆಯನ್ನೇ ಕಡಿದಿದ್ದೀಯ,
ನಿನ್ನ ರೋಗಿಯ ಸಮೇತ.

ಅವಳ ಹೆಸರು ನೆಸ್ಟ್ ಪ್ರೊಬರ್ಟ್, ಇಪ್ಪತ್ತೆಂಟನೆಯ ವಾರ.
ಏನು ಕೆಲಸ ಮಾಡುತ್ತಾಳೆ?
ಅವನು ತಡವರಿಸಿದ. ಬೆಟ್ಟದ ಮೇಲೆ ಏನೋ ಜಮೀನು.
ಗಂಡ ಸಂಜೆಯಿಂದ ಕಾರಿಡಾರಿನಲ್ಲಿ ಒಂದೇ ಪದ ಹೇಳುತ್ತಿದ್ದಾನೆ,
ದೆವೈದ್, ದೆವೈದ್;
ನೋಡಿಕೊಳ್ಳುವವರಿಲ್ಲ ಅಂತ ಚಿಂತೆ ಪಾಪ, ಅಂದಳಂತೆ ನರ್ಸ್.

ಕುರಿ, ಗೆಥಿನ್. ನಮ್ಮ ಭಾಷೆಯಲ್ಲಿ ಕುರಿ.
ಇದು ಮರಿ ಹಾಕುವ ಕಾಲ. ದಿನ ತುಂಬದೆ ಸತ್ತು ಬಿದ್ದ ಮರಿಗಳನ್ನು
ಬರಿಗೈಯಲ್ಲಿ ಎಳೆದವಳು ಅವಳೇ ಇರಬೇಕು.
ಅವನು ಚಿಂತೆ ಹೇಳಿಕೊಳ್ಳುತ್ತಿರಲಿಲ್ಲ,
ಕಾರಣ ಹೇಳುತ್ತಿದ್ದ.

‘ಅಲ್ಲ’ವನ್ನು ಅಳಿಸಿದೆ. ‘ಕುರಿ ಅಥವಾ ಕುರಿಮರಿ ಅಥವಾ ಹಿಂಡು’ ಸೇರಿಸಿದೆ.
ಇಂಗ್ಲಿಷ್ ಮಾತ್ರ ಎಂಬ ಚೌಕದ ಗುರುತು ತೆಗೆದೆ,
ಹತ್ತು ವರ್ಷದೊಳಗಿನದು ಎಂಬ ಬೇಲಿಯನ್ನೂ.
ನಲವತ್ತೊಂದು ಬಂದವು. ಏಳನೆಯದು ಹಳೆಯದು,
ಯಾವುದೋ ಗುಡ್ಡನಾಡಿನ ವೈದ್ಯ ತನ್ನ ಭಾಷೆಯಲ್ಲಿ ಬರೆದದ್ದು,
ಇಂಗ್ಲಿಷಿನಲ್ಲಿ ನಾಲ್ಕೇ ಸಾಲು ಸಾರಾಂಶ:
ಕುರುಬರ ಹೆಂಗಸು, ಚಳಿಜ್ವರ, ಕಂದು ಹಾಕಿದ ಮಂದೆ,
ಮತ್ತೆ, ಕೊಟ್ಟ ಔಷಧಿಯ ಹೆಸರು.

ಗೆಥಿನ್ ಮೆಟ್ಟಿಲು ಹತ್ತಿ ಓಡಿದ.
ಚಹಾ ನನ್ನ ಮೇಜಿನ ಮೇಲೆ ಬೆಳಗಿನವರೆಗೆ ಇತ್ತು.

ನೆಸ್ಟ್ ಉಳಿದಳು. ಮಗು ಉಳಿಯಲಿಲ್ಲ.
ಸಂಜೆಯೇ ಯಾರಾದರೂ ಕೇಳಿದ್ದರೆ,
ಎಂಬುದನ್ನು ಟೈಪು ಮಾಡುವ ಪೆಟ್ಟಿಗೆ ನನ್ನ ಬಳಿ ಇಲ್ಲ.

ಅಕ್ಟೋಬರಿನಲ್ಲಿ, ಅವಳ ಒಪ್ಪಿಗೆ ಪಡೆದು, ಗೆಥಿನ್ ಅದನ್ನೆಲ್ಲ ಬರೆದ.
ಪತ್ರಿಕೆಯವರು ಐದು ಹುಡುಕುಪದ ಕೇಳಿದರು.
ನೀವೇ ಹಾಕಿ ಅಂದ.
ಮುಂದೆಂದೋ ಯಾವುದೋ ನೆಲಮಾಳಿಗೆಯಲ್ಲಿ
ನಿದ್ದೆಗೆಟ್ಟವರು ಮೊದಲು ಏನು ಒತ್ತಿಯಾರು ಎಂದು ಯೋಚಿಸಿ
ನಾಲ್ಕು ಹಾಕಿದೆ. ಐದನೆಯದಕ್ಕೆ
ಕಾರಿಡಾರಿನ ಆ ಪದವನ್ನೇ, ಅವನು ಹೇಳಿದ ಹಾಗೇ.

ಸಂಪಾದಕರ ಕಾಗದ ಬಂತು:
ಇದು ಕಾಗುಣಿತದ ತಪ್ಪೇ?

ಅಲ್ಲ, ಎಂದು ಬರೆದೆ.